ತೇರು ತಿರುಗಿದ ಜಾಗ



ಮೊನ್ನೆ ಮಂಗಳವಾರ ನಮ್ಮೂರಲ್ಲಿ ಒಂಬತ್ತು ವರ್ಷದ ಮೇಲೆ ಮಾರಿಹಬ್ಬ. ಪರೀಕ್ಷೆ ಹತ್ತಿರ, ರಜೆ ಸಿಗಲಿಲ್ಲ. ಊರಿನ ಹುಡುಗರು ಫೇಸ್‌ಬುಕ್ಕಲ್ಲಿ ಲೈವ್ ಬಿಟ್ಟಿದ್ರು. ಊಟದ ಬಿಡುವಲ್ಲಿ ಮೊಬೈಲ್ ನೋಡ್ತಾ ಕೂತಿದ್ದೆ, "ಸ್ಮಾರ್ಟ್ ಕ್ಲಾಸ್ ಪರದೆಗೆ ಹಾಕಿ ಸಾರ್, ನಾವೂ ನೋಡ್ತೀವಿ" ಅಂದ್ರು ಜೊತೆ ಮೇಷ್ಟ್ರುಗಳು. ಏಳನೇ ಕ್ಲಾಸಿನ ಮಕ್ಕಳೂ ತಟ್ಟೆ ಸಮೇತ ಬಂದು ಕೂತ್ರು.

ಸುಳ್ಳು ಹೇಳಲ್ಲ, ಖುಷಿಯಾಯ್ತು. ತಮಟೆ ಸದ್ದು ಶುರುವಾಗಿದ್ದೇ ಮಕ್ಕಳು ಬೆಂಚು ಬಾರಿಸಿದ್ರು. ಅದು ನಮ್ಮ ಚಿಕ್ಕಪ್ಪನ ಕೈ, ಕೇಳಿದ ತಕ್ಷಣ ಗೊತ್ತಾಗುತ್ತೆ. ಯಜಮಾನರ ಪೇಟ ಕಾಣಿಸ್ತು, ಫ್ಲೆಕ್ಸು ಕಾಣಿಸ್ತು, ಚಿಕ್ಕಪ್ಪನ ಮುಖ ಮಾತ್ರ ಒಂದು ಸಲಕ್ಕೂ ಬರಲಿಲ್ಲ. ತೇರು ನೀರಿನ ಟ್ಯಾಂಕಿನವರೆಗೆ ಬಂದು ತಿರುಗಿಕೊಳ್ತು.

"ಸಾರ್, ನಿಮ್ಮನೆ ಎಲ್ಲಿ?" ಒಂದು ಹುಡುಗಿ ಕೇಳಿದ್ಲು. ಟ್ಯಾಂಕ್ ಹಿಂದೆ ಅಂದೆ. "ಮತ್ತೆ ತೇರು ಯಾಕೆ ವಾಪಸ್ ಹೋಯ್ತು?"

"ರಸ್ತೆ ಚಿಕ್ಕದಿರಬೇಕು ಕಣಮ್ಮ" ಅಂದ್ರು ಒಬ್ಬ ಮೇಷ್ಟ್ರು. ಒಳ್ಳೆಯ ಮನುಷ್ಯ. ಆದ್ರೆ ನಮ್ಮ ಕೇರಿಗೆ ಕಬ್ಬಿನ ಲೋಡ್ ಟ್ರ್ಯಾಕ್ಟರ್ ಬರುತ್ತೆ. ನಾನು ಇದ್ದದ್ದು ಇದ್ದಹಾಗೆ ಹೇಳಿದೆ: ಅದು ದಲಿತರ ಕೇರಿ, ತಮಟೆ ನಮ್ಮದು ಬೇಕು, ತೇರು ನಮ್ಮ ಕಡೆ ಬರಲ್ಲ.

ಆಮೇಲೆ ಸ್ಟಾಫ್ ರೂಮಲ್ಲಿ ಬುದ್ಧಿವಾದ. ಎಳೆ ಮನಸ್ಸುಗಳ ಮುಂದೆ ಇದೆಲ್ಲ ಯಾಕೆ ಸಾರ್ ಅಂತ.

ಯಾರ ಎಳೆ ಮನಸ್ಸು? 2021ರಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ಗುಡಿಯೊಳಗೆ ಓಡಿದ ಕೂಸಿಗೆ ಎರಡು ವರ್ಷ. ಶುದ್ಧಿ ಮಾಡಿಸೋಕೆ ಅಂತ ಮನೆಯವರಿಂದ 25,000 ರೂಪಾಯಿ ಕೇಳಿದ್ರು. 2022ರಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಕೋಲು ಮುಟ್ಟಿದ ಹುಡುಗನಿಗೆ 15, ದಂಡ 60,000. ಅವರ ವಯಸ್ಸು ಯಾರೂ ಕೇಳಲಿಲ್ಲ. ನಾವು ಅದೇ ಪರದೆ ಮೇಲೆ ಸಂವಿಧಾನದ 17ನೇ ವಿಧಿ ಪಾಠ ಮಾಡ್ತೀವಿ. ಮಕ್ಕಳು ಉತ್ತರ ಪತ್ರಿಕೆಯಲ್ಲಿ "ಅಸ್ಪೃಶ್ಯತೆ ಆಚರಣೆಯಲ್ಲಿತ್ತು" ಅಂತ ಬರೀತಾರೆ. ಇತ್ತು! ನಾವೇ ಒಂದು ಅಂಕ ಕೊಡ್ತೀವಿ.

ಕೆಲವು ಸಂಗಾತಿಗಳು ಕೇಳ್ತಾರೆ, ಆ ತೇರು ನಮಗ್ಯಾಕೆ ಬೇಕು ಅಂತ. ನನಗೂ ಬೇಕಿಲ್ಲ. ಬಾಬಾಸಾಹೇಬರು 1930ರಲ್ಲಿ ನಾಸಿಕದ ಕಾಳಾರಾಮ ಗುಡಿ ಮುಂದೆ ಸತ್ಯಾಗ್ರಹ ಹೂಡಿದಾಗ ರಾಮನವಮಿ ದಿನ ಗಲಾಟೆಯಾಗಿದ್ದೂ ತೇರು ಎಳೆಯೋ ವಿಚಾರಕ್ಕೇ. 1935ರಲ್ಲಿ ಯೇವಲಾದಲ್ಲಿ ಅವರೇ ಹಿಂದೂವಾಗಿ ಸಾಯಲ್ಲ ಅಂದ್ರು. ಆದ್ರೆ ಬೇಡ ಅಂತ ನಾವು ಬಿಡೋದು ಬೇರೆ, ಟ್ಯಾಂಕ್ ಹತ್ರ ಅವರು ತಿರುಗಿಸೋದು ಬೇರೆ. ಆ ಹುಡುಗಿ ಕೇಳಿದ್ದು ಎರಡನೇದು. ಅದಕ್ಕೆ ಊರು ಉತ್ತರ ಹೇಳ್ಬೇಕು, ನಾನಲ್ಲ.

ಲೈವ್ ಮಾಡಿದವನು ನನ್ನ ಜೊತೆ ಓದಿದವನೇ. ರಾತ್ರಿ ಫೋನ್ ಮಾಡಿ ಕೇಳಿದೆ, ತಮಟೆಯವರನ್ನ ಯಾಕೋ ತೋರಿಸಲಿಲ್ಲ ಅಂತ. "ಆ ಕಡೆ ಬೆಳಕು ಕಮ್ಮಿ ಇತ್ತು ಕಣೋ" ಅಂದ.

ಮಧ್ಯಾಹ್ನ ಒಂದು ಗಂಟೆಯ ಬಿಸಿಲು.