ಬಿಚ್ಚಿ ನೋಡಲು ಬರುವ ಪೆಟ್ಟಿಗೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1959ರಲ್ಲಿ ತಯಾರಾದ ಫೆಂಡರ್ ಬ್ಯಾಸ್‌ಮನ್ ಎಂಬ ಗಿಟಾರ್ ಆಂಪ್ಲಿಫೈಯರ್ ಇವತ್ತು ಲಕ್ಷಗಟ್ಟಲೆ ರೂಪಾಯಿಗೆ ಮಾರಾಟವಾಗುತ್ತದೆ. ಆನೆ ಬದುಕಿದ್ದರೂ ಸಾವಿರ, ಸತ್ತರೂ ಸಾವಿರ ಅನ್ನುವ ಹಾಗೆ, ಸದ್ದೇ ಹೊರಡದ ಬ್ಯಾಸ್‌ಮನ್‌ಗೂ ಗಿರಾಕಿಗಳಿದ್ದಾರೆ. ಅರವತ್ತೈದು ವರ್ಷ ದಾಟಿದ ಒಂದು ಕರೆಂಟಿನ ಪೆಟ್ಟಿಗೆಗೆ ಇಷ್ಟು ಬೆಲೆ ಯಾಕೆ ಅಂತ ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಆ ದನಿ ಬೇರೆ ಯಾವುದರಲ್ಲೂ ಬರುವುದಿಲ್ಲ.

ನನಗೆ ಇದು ಅರ್ಧ ಉತ್ತರ ಅನ್ನಿಸುತ್ತದೆ. ದನಿ ಚೆನ್ನಾಗಿದ್ದ ಎಷ್ಟೋ ವಸ್ತುಗಳು ಗುಜರಿ ಸೇರಿವೆ. ಈ ಪೆಟ್ಟಿಗೆಗಳನ್ನು ಬಿಚ್ಚಲು ಬರುತ್ತಿತ್ತು, ಬಿಚ್ಚಿದವರಿಗೆ ಒಳಗಿರುವುದು ಅರ್ಥವಾಗುತ್ತಿತ್ತು, ಕೆಟ್ಟ ಭಾಗ ತೆಗೆದು ಬೇರೆ ಹಾಕಬಹುದಿತ್ತು. ಅದಕ್ಕೇ ಅವು ಉಳಿದುಕೊಂಡವು. ಹಾಗಾಗಿ ಹಳೆಯ ಟ್ಯೂಬ್ ಆಂಪ್ ಇಟ್ಟುಕೊಂಡವರ ಮೇಲೆ ಅದನ್ನು ನುಡಿಸುವ, ರಿಪೇರಿ ಮಾಡಿಸುವ ಹೊಣೆ ಇದೆ. ಗಾಜಿನ ಕಪಾಟಿನಲ್ಲಿಟ್ಟು ಬೆಲೆ ಏರುವುದನ್ನು ಕಾಯುವುದು ಆ ವಸ್ತುವಿಗೆ ಮಾಡುವ ಅನ್ಯಾಯ.

ಟ್ಯೂಬ್ ಆಂಪ್ ನೋಡಿಲ್ಲದವರೂ ವಾಲ್ವ್ ರೇಡಿಯೊ ಬಗ್ಗೆ ಕೇಳಿರುತ್ತೀರಿ. ಗುಂಡಿ ತಿರುಗಿಸಿದ ಮೇಲೆ ಒಂದಷ್ಟು ಹೊತ್ತು ಕಾಯಬೇಕು, ಒಳಗೆ ಗಾಜಿನ ಬುರುಡೆಗಳು ಕೆಂಪಗೆ ಹೊತ್ತಿಕೊಳ್ಳಬೇಕು, ಆಮೇಲೆ ವಾರ್ತೆ. ಅದೇ ವಾಲ್ವನ್ನು ಅಮೆರಿಕದವರು ಟ್ಯೂಬ್ ಅನ್ನುತ್ತಾರೆ. ಫೆಂಡರ್ ಕಂಪನಿಯ ಚಾಂಪ್ ಎಂಬ ಪುಟ್ಟ ಆಂಪ್ ಇತ್ತು. 1950ರ ದಶಕದ ಕೊನೆಯ ಮಾದರಿಯಲ್ಲಿ ಇದ್ದದ್ದು ಬರೀ ಮೂರು ಟ್ಯೂಬು. ತಂತಿಯಿಂದ ಬರುವ ಸಣ್ಣ ಸಂಕೇತವನ್ನು ಎತ್ತಲು ಒಂದು 12ಎಎಕ್ಸ್7, ಸ್ಪೀಕರ್ ನೂಕಲು ಒಂದು 6ವಿ6, ಗೋಡೆಯ ಕರೆಂಟನ್ನು ಡಿಸಿ ಮಾಡಲು ಒಂದು 5ವೈ3. ಶಕ್ತಿ ಸುಮಾರು 5 ವ್ಯಾಟ್. ಇದ್ದ ಒಂದೇ ಗುಂಡಿ ವಾಲ್ಯೂಮ್. ರೇಡಿಯೊದಲ್ಲಿ ಇದ್ದಂತೆ ಆನ್-ಆಫ್ ಕೂಡ ಅದರಲ್ಲೇ.

ಕೆರೆಯ ತೂಬು ನೆನಪಿಸಿಕೊಂಡರೆ ವಾಲ್ವಿನ ಕೆಲಸ ಸುಲಭವಾಗಿ ತಿಳಿಯುತ್ತದೆ. ತೂಬಿನ ಹಲಗೆಯನ್ನು ಒಬ್ಬ ಮನುಷ್ಯ ಸ್ವಲ್ಪ ಎತ್ತಿಳಿಸಿದರೆ ಸಾಕು, ಕೆರೆಯ ನೀರಿನ ರಭಸವೇ ಹೆಚ್ಚು ಕಡಿಮೆ ಆಗುತ್ತದೆ. ವಾಲ್ವಿನಲ್ಲಿ ಕಾದ ಕ್ಯಾಥೋಡ್‌ನಿಂದ ಎಲೆಕ್ಟ್ರಾನ್‌ಗಳು ಹೊರಟು ಆನೋಡ್ ಕಡೆ ಹರಿಯುತ್ತವೆ. ನಡುವೆ ಇರುವ ಗ್ರಿಡ್ ಎಂಬ ಜಾಲರಿಯೇ ತೂಬಿನ ಹಲಗೆ. ಗಿಟಾರಿನ ಸಣ್ಣ ಸಂಕೇತ ಆ ಜಾಲರಿಯನ್ನು ಅಲುಗಿಸುತ್ತದೆ, ದೊಡ್ಡ ಪ್ರವಾಹ ಅದೇ ತಾಳಕ್ಕೆ ಏರಿಳಿಯುತ್ತದೆ.

ಇನ್ನು ಆ ದನಿಯ ವಿಚಾರ. ಯಾವ ಆಂಪ್ಲಿಫೈಯರಿಗೂ ಒಂದು ಮಿತಿ ಇದೆ. ಅದನ್ನು ದಾಟಿಸಿದರೆ ಸ್ವರ ಒಡೆಯುತ್ತದೆ. ಮಾಮೂಲಿ ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಅದು ಕತ್ತರಿಸಿದ ಹಾಗೆ ತಟ್ಟನೆ ಒಡೆಯುತ್ತದೆ. ಟ್ಯೂಬಿನಲ್ಲಿ ಮೆಲ್ಲಗೆ, ಅಂಚು ದುಂಡಾಗುತ್ತಾ ಒಡೆಯುತ್ತದೆ. ತಂತಿಯನ್ನು ಹಗುರಾಗಿ ಮುಟ್ಟಿದರೆ ತಿಳಿಯಾದ ಸ್ವರ, ಜೋರಾಗಿ ಮೀಟಿದರೆ ಗುರುಗುಟ್ಟುವ ಸ್ವರ. ಯಾವ ಗುಂಡಿಯನ್ನೂ ಮುಟ್ಟದೆ ಬೆರಳಲ್ಲೇ ಎರಡನ್ನೂ ತರಬಹುದು. ಹಳೆಯ ಟ್ಯೂಬ್ ಆಂಪ್ ಮೂಲಕ ನುಡಿಸುವವರು ಅದನ್ನು ಬಿಡಲೊಲ್ಲದೆ ಇರುವುದು ಇದಕ್ಕೆ. ಅದು ಕೈಗೆ ಉತ್ತರ ಕೊಡುತ್ತದೆ.

ಆಂಪ್ ಮಾಡಿದ ಎಂಜಿನಿಯರ್‌ಗಳು ಈ ಒಡಕನ್ನು ದೋಷ ಅಂದುಕೊಂಡಿದ್ದರು. ನುಡಿಸುವವರು ಅದನ್ನೇ ಭಾಷೆ ಮಾಡಿಕೊಂಡರು. 1951ರಲ್ಲಿ ಮೆಂಫಿಸ್‌ನಲ್ಲಿ ‘ರಾಕೆಟ್ 88’ ಹಾಡು ಧ್ವನಿಮುದ್ರಣವಾದಾಗ ವಿಲ್ಲಿ ಕಿಜಾರ್ಟ್ ಅವರ ಆಂಪ್ ಹಾಳಾಗಿತ್ತಂತೆ, ಸ್ಪೀಕರಿಗೆ ಕಾಗದ ತುರುಕಿ ಕೆಲಸ ಮುಗಿಸಿದರಂತೆ. 1958ರ ‘ರಂಬಲ್’ಗಾಗಿ ಲಿಂಕ್ ರೇ ಸ್ಪೀಕರಿಗೆ ಪೆನ್ಸಿಲ್‌ನಿಂದ ತೂತು ಮಾಡಿದ ಕಥೆ ಇದೆ. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವೀಸ್ ತಮ್ಮ ಸಣ್ಣ ಆಂಪ್‌ನ ಸ್ಪೀಕರನ್ನು ಬ್ಲೇಡಿನಿಂದ ಸೀಳಿದರು. ರಾಕ್ ಸಂಗೀತದ ಚರಿತ್ರೆಯಲ್ಲಿ ಎಣಿಸುವ ಸ್ವರಗಳಲ್ಲಿ ಕೆಲವು ಹುಟ್ಟಿದ್ದು ಹೀಗೆ, ಆಂಪನ್ನು ಯಾರೂ ಜೋಪಾನ ಮಾಡದೆ ಇದ್ದಾಗ.

ಈಗಿನ ಸಂಗ್ರಹಕಾರರ ಲೋಕ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಮೊದಲ ಪ್ರಶ್ನೆ, ಎಲ್ಲ ಭಾಗಗಳೂ ಒರಿಜಿನಲ್ಲಾ? ಒಂದು ಕೆಪಾಸಿಟರ್ ಬದಲಾಗಿದ್ದರೆ ಬೆಲೆ ಇಳಿಯುತ್ತದೆ. ಹಳೆಯ ಎರಡು ಪಿನ್ನಿನ ವೈರ್ ತೆಗೆದು ಅರ್ಥಿಂಗ್ ಇರುವ ಮೂರು ಪಿನ್ನಿನ ವೈರ್ ಹಾಕಿದ್ದರೂ ಮುಖ ಸಣ್ಣ ಮಾಡುವವರಿದ್ದಾರೆ.

ಇದು ಬರೀ ರುಚಿಯ ಪ್ರಶ್ನೆಯಲ್ಲ, ಜೀವದ ಪ್ರಶ್ನೆಯೂ ಹೌದು. ಟ್ಯೂಬ್ ಆಂಪ್ ಒಳಗೆ 300ರಿಂದ 450 ವೋಲ್ಟ್ ತನಕ ಡಿಸಿ ಓಡಾಡುತ್ತದೆ. ಪ್ಲಗ್ ಕಿತ್ತ ಮೇಲೂ ಅದು ದೊಡ್ಡ ಕೆಪಾಸಿಟರ್‌ಗಳಲ್ಲಿ ಕೂತಿರಬಹುದು. ಈ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳು ವರ್ಷ ಕಳೆದಂತೆ ಒಣಗುತ್ತವೆ. ಮೊದಲು ಗುಂಯ್ ಅನ್ನುವ ಸದ್ದು ಹೆಚ್ಚಾಗುತ್ತದೆ, ಕೊನೆಗೆ ಒಂದು ದಿನ ಒಡೆದು ಟ್ರಾನ್ಸ್‌ಫಾರ್ಮರನ್ನೂ ಸುಟ್ಟು ಹಾಕಬಹುದು. ಹಳೆಯ ಅಮೆರಿಕನ್ ಆಂಪ್‌ಗಳಲ್ಲಿ ಕರೆಂಟ್ ಲೈನಿನಿಂದ ಚಾಸಿಗೆ ಒಂದು ಕೆಪಾಸಿಟರ್ ಜೋಡಿಸಿರುತ್ತಿದ್ದರು. ಅದು ಒಳಗೇ ಶಾರ್ಟ್ ಆದರೆ ಚಾಸಿ, ಗಿಟಾರಿನ ತಂತಿ, ನುಡಿಸುವವರ ಕೈ ಎಲ್ಲ ಒಂದೇ ಲೈನ್. ರಿಪೇರಿ ಮಾಡುವವರು ಅದಕ್ಕೆ ಇಟ್ಟಿರುವ ಹೆಸರೇ ಡೆತ್ ಕ್ಯಾಪ್.

ಅರ್ಥಿಂಗ್ ಇಲ್ಲದೆ ಸತ್ತವರಿದ್ದಾರೆ. ಸ್ಟೋನ್ ದಿ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವೆ 1972ರ ಮೇ ತಿಂಗಳಲ್ಲಿ ಸ್ವಾನ್ಸೀ ನಗರದ ವೇದಿಕೆಯ ಮೇಲೆ, ಅರ್ಥ್ ಆಗದ ಮೈಕ್ ಮುಟ್ಟಿ ತೀರಿಕೊಂಡರು. ಯಾರ್ಡ್‌ಬರ್ಡ್ಸ್ ತಂಡದ ಗಾಯಕರಾಗಿದ್ದ ಕೀತ್ ರೆಲ್ಫ್ 1976ರಲ್ಲಿ ಮನೆಯಲ್ಲಿ ಗಿಟಾರ್ ನುಡಿಸುವಾಗ ಕರೆಂಟ್ ಹೊಡೆದು ತೀರಿಕೊಂಡರು. ನಮ್ಮಲ್ಲಿ ಹಳೆಯ ಅಮೆರಿಕನ್ ಆಂಪ್ ತರಿಸಿಕೊಳ್ಳುವವರಿಗೆ ಇನ್ನೊಂದು ಅಪಾಯ ಕಾದಿದೆ. ಅದು 117 ವೋಲ್ಟಿಗೆ ಮಾಡಿದ್ದು, ನಮ್ಮ ಗೋಡೆಯಲ್ಲಿರುವುದು 230. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಚುಚ್ಚಿದರೆ ಅವತ್ತಿಗೇ ಅದರ ಕಥೆ ಮುಗಿಯಿತು.

ಭಾಗ ಬದಲಿಸಿದರೆ ಚರಿತ್ರೆ ಹೋಗುವುದಿಲ್ಲವೇ ಎಂದು ಕೇಳುವವರಿಗೆ ನಮ್ಮ ಊರುಗಳ ತೇರು ತೋರಿಸಬೇಕು. ಅಚ್ಚು ಸವೆದರೆ ಹೊಸ ಅಚ್ಚು ಕೂರಿಸುತ್ತೇವೆ, ಗಾಲಿ ಬಿರುಕು ಬಿಟ್ಟರೆ ಹೊಸ ಗಾಲಿ. ತಾತ ಎಳೆದ ತೇರನ್ನೇ ನಾನೂ ಎಳೆದೆ ಅನ್ನುವ ಮಾತು ಅದರಿಂದ ಸುಳ್ಳಾಗುವುದಿಲ್ಲ. ಎಳೆಯದೆ ನಿಲ್ಲಿಸಿದ ತೇರಿಗೆ ಹಿಡಿಯುವುದು ಗೆದ್ದಲು. ಒಳ್ಳೆಯ ಆಂಪ್ ರಿಪೇರಿಗಾರರು ತೆಗೆದ ಹಳೆಯ ಭಾಗಗಳನ್ನು ಒಂದು ಚೀಲದಲ್ಲಿ ಹಾಕಿ ಮಾಲೀಕರಿಗೇ ಕೊಡುತ್ತಾರೆ. ಚರಿತ್ರೆ ಬೇಕಾದವರು ಆ ಚೀಲ ಇಟ್ಟುಕೊಳ್ಳಲಿ.

ಈ ಆಂಪ್‌ಗಳು ಇಷ್ಟು ಸುಲಭವಾಗಿ ರಿಪೇರಿಯಾಗುವುದು ಆಕಸ್ಮಿಕವಲ್ಲ. ಅವನ್ನು ಮಾಡಿದ ಲಿಯೋ ಫೆಂಡರ್ ಮೂಲತಃ ರೇಡಿಯೊ ರಿಪೇರಿ ಮಾಡುತ್ತಿದ್ದವರು. 1938ರಲ್ಲಿ ಫುಲ್ಲರ್ಟನ್ ಊರಿನಲ್ಲಿ ಅಂಗಡಿ ತೆರೆದರು. ಕೆಟ್ಟ ರೇಡಿಯೊ ಬಿಚ್ಚಿ ಬಿಚ್ಚಿ ಕೈ ಪಳಗಿದ ಮನುಷ್ಯ ತನ್ನ ಪೆಟ್ಟಿಗೆಯನ್ನೂ ಇನ್ನೊಬ್ಬ ರಿಪೇರಿಗಾರನಿಗೆ ಅನುಕೂಲವಾಗುವಂತೆಯೇ ಕಟ್ಟಿದರು. ಹಿಂದಿನ ಹಲಗೆಯ ಸ್ಕ್ರೂ ತೆಗೆದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಯಾವ ಜಾಗದಲ್ಲಿ ಯಾವ ಟ್ಯೂಬ್ ಎಂಬ ಚೀಟಿ ಒಳಗೇ ಅಂಟಿಸಿರುತ್ತದೆ. ಸರ್ಕ್ಯೂಟ್ ನಕ್ಷೆ ಗುಟ್ಟಾಗಿರಲಿಲ್ಲ.

ಗುಟ್ಟಾಗಿರಲಿಲ್ಲ ಎನ್ನುವುದಕ್ಕೆ ದೊಡ್ಡ ಸಾಕ್ಷಿ ಮಾರ್ಷಲ್. ಇಂಗ್ಲೆಂಡಿನಲ್ಲಿ ಅಮೆರಿಕದ ಆಂಪ್ ದುಬಾರಿಯಾಗಿತ್ತು. ಲಂಡನ್ ಪಕ್ಕದ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಅಂಗಡಿ ನಡೆಸುತ್ತಿದ್ದ ಜಿಮ್ ಮಾರ್ಷಲ್, ರಿಪೇರಿ ಕೆಲಸದ ಕೆನ್ ಬ್ರಾನ್, ಎಳೆಯ ಹುಡುಗ ಡಡ್ಲಿ ಕ್ರೇವನ್ ಸೇರಿ 1962ರಲ್ಲಿ ಬ್ಯಾಸ್‌ಮನ್‌ನ ಸರ್ಕ್ಯೂಟನ್ನೇ ಆಧಾರ ಮಾಡಿಕೊಂಡು ಜೆಟಿಎಂ45 ಎಂಬ ಆಂಪ್ ಕಟ್ಟಿದರು. ಅಲ್ಲಿ ಸಿಗುತ್ತಿದ್ದ ಭಾಗಗಳು ಬೇರೆ, ಸ್ಪೀಕರ್ ಬೇರೆ, ಹಾಗಾಗಿ ದನಿಯೂ ಬೇರೆಯಾಯಿತು. ಫುಲ್ಲರ್ಟನ್‌ನ ಪೆಟ್ಟಿಗೆಗೆ ಬೀಗ ಹಾಕಿದ್ದರೆ ಬ್ರಿಟಿಷ್ ರಾಕ್‌ನ ದನಿ ನಾವು ಕೇಳಿದಂತೆ ಇರುತ್ತಿರಲಿಲ್ಲ.

ಈ ಕಥೆಗೆ ಬೆಂಗಳೂರಿನ ನಂಟೂ ಇದೆ. 1954ರಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ನಮ್ಮ ಬಿಇಎಲ್, 1961ರಲ್ಲಿ ಹಾಲೆಂಡಿನ ಫಿಲಿಪ್ಸ್ ಸಹಯೋಗದಲ್ಲಿ ರೇಡಿಯೊ ವಾಲ್ವ್ ತಯಾರಿಕೆ ಆರಂಭಿಸಿತು. ಜಾಲಹಳ್ಳಿಯಲ್ಲಿ ಮಾಡಿದ ವಾಲ್ವ್‌ಗಳಲ್ಲಿ ಇಎಲ್84 ಕೂಡ ಒಂದು. ಬೀಟಲ್ಸ್ ತಂಡ ವೇದಿಕೆಗೆ ಒಯ್ಯುತ್ತಿದ್ದ ವೋಕ್ಸ್ ಎಸಿ30 ಆಂಪ್‌ನಲ್ಲಿ ಸ್ಪೀಕರ್ ನೂಕುವುದು ಇದೇ ಮಾದರಿಯ ನಾಲ್ಕು ವಾಲ್ವ್. ನಮ್ಮ ಮನೆಗಳ ರೇಡಿಯೊಗಾಗಿ ಬೆಂಗಳೂರಿನ ಕಾರ್ಮಿಕರು ಜೋಡಿಸಿದ ಆ ಬುರುಡೆಗಳನ್ನು ಈಗ ಹೊರದೇಶದ ಗಿಟಾರ್ ವಾದಕರು ಹುಡುಕಿ ಕೊಳ್ಳುತ್ತಾರೆ.

ವಾಲ್ವ್ ಉಳಿದಷ್ಟು ಅದನ್ನು ಬಲ್ಲ ಕೈಗಳು ನಮ್ಮಲ್ಲಿ ಉಳಿಯಲಿಲ್ಲ. ತಾಲ್ಲೂಕು ಕೇಂದ್ರಗಳಲ್ಲಿ ಬಸ್ ಸ್ಟ್ಯಾಂಡ್ ಆಸುಪಾಸು ಒಂದಾದರೂ ರೇಡಿಯೊ ರಿಪೇರಿ ಅಂಗಡಿ ಇರುತ್ತಿತ್ತು. ಸರ್ಕ್ಯೂಟ್ ನಕ್ಷೆ ಓದಬಲ್ಲ, ವಾಸನೆಯಲ್ಲೇ ಯಾವ ಭಾಗ ಸುಟ್ಟಿದೆ ಎಂದು ಹೇಳಬಲ್ಲ ಜನ ಅಲ್ಲಿ ಕೂತಿರುತ್ತಿದ್ದರು. ಜಾತ್ರೆ, ನಾಟಕ, ಮದುವೆಗೆ ಮೈಕ್ ಸೆಟ್ ಬಾಡಿಗೆ ಕೊಡುತ್ತಿದ್ದವರ ಬಳಿ ವಾಲ್ವ್ ಆಂಪ್ಲಿಫೈಯರ್‌ಗಳಿದ್ದವು. ಗಿಟಾರ್ ಆಂಪ್‌ಗೂ ಅವಕ್ಕೂ ಮೂಲ ತತ್ವದಲ್ಲಿ ವ್ಯತ್ಯಾಸವಿಲ್ಲ. ಅಂಥ ಪೆಟ್ಟಿಗೆಗಳಿಗೆ ಗುಜರಿಯಲ್ಲಿ ಸಿಕ್ಕ ಬೆಲೆ ಟ್ರಾನ್ಸ್‌ಫಾರ್ಮರಿನ ತಾಮ್ರದ್ದು. ಅವುಗಳ ಜೊತೆ ಹೋದ ವಿದ್ಯೆಗೆ ಯಾರೂ ಬೆಲೆ ಕಟ್ಟಲಿಲ್ಲ.

ವಿದ್ಯೆ ಕೆಲವೇ ಕಡೆ ಉಳಿದರೆ ಏನಾಗುತ್ತದೆ ಎಂಬುದು 2022ರ ಮಾರ್ಚ್‌ನಲ್ಲಿ ಗೊತ್ತಾಯಿತು. ಗಿಟಾರ್ ಆಂಪ್‌ಗೆ ಬೇಕಾದ ಟ್ಯೂಬ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡುವುದು ರಷ್ಯಾ, ಸ್ಲೊವಾಕಿಯಾ, ಚೀನಾದ ಬೆರಳೆಣಿಕೆಯ ಕಾರ್ಖಾನೆಗಳು. ಉಕ್ರೇನ್ ಯುದ್ಧ ಶುರುವಾಗಿ ರಷ್ಯಾ ರಫ್ತಿಗೆ ತಡೆ ಹಾಕಿದಾಗ ಜಗತ್ತಿನಾದ್ಯಂತ ಗಿಟಾರ್ ವಾದಕರು ಟ್ಯೂಬ್‌ಗಾಗಿ ಮುಗಿಬಿದ್ದರು, ಬೆಲೆ ಏರಿತು. ಆಮೇಲೆ ಸರಬರಾಜು ಮತ್ತೆ ಶುರುವಾಯಿತು. ಆದರೆ ಅರವತ್ತು ವರ್ಷ ಬಾಳಿದ ಆಂಪ್ ಕೂಡ ಯಾವುದೋ ಊರಿನ ಒಂದು ಕಾರ್ಖಾನೆಯ ಬಾಗಿಲಿಗೆ ಕಟ್ಟುಬಿದ್ದಿದೆ ಎಂಬುದು ಎಲ್ಲರಿಗೂ ಮನದಟ್ಟಾಯಿತು.

ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಟ್ಯೂಬ್ ಆಂಪ್ ಭಾರ, ಬಿಸಿ, ಕರೆಂಟ್ ತಿನ್ನುತ್ತದೆ. ಫೆಂಡರ್ ಟ್ವಿನ್ ರಿವರ್ಬ್ ಎತ್ತಲು ಹೋದರೆ ಹೆಚ್ಚುಕಡಿಮೆ 30 ಕಿಲೋ. ಅದು ಹದವಾಗಿ ಒಡೆಯುವಷ್ಟು ವಾಲ್ಯೂಮ್ ಏರಿಸಿದರೆ ಬೀದಿಯವರೆಲ್ಲ ಬಾಗಿಲಿಗೆ ಬರುತ್ತಾರೆ. ಈಗಿನ ಡಿಜಿಟಲ್ ಆಂಪ್‌ಗಳು ಆ ದನಿಯನ್ನು ತುಂಬಾ ಹತ್ತಿರದಿಂದ ಅನುಕರಿಸುತ್ತವೆ. ಜಿಲ್ಲಾ ಕೇಂದ್ರದಲ್ಲಿ ಗಿಟಾರ್ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಸಣ್ಣ ಟ್ರಾನ್ಸಿಸ್ಟರ್ ಆಂಪ್ ಧಾರಾಳ ಸಾಕು. ಹಳೆಯದು ಇಲ್ಲ ಎಂಬ ಕೊರಗು ಬೇಡ.

ಆದರೆ ಆ ಡಿಜಿಟಲ್ ಪೆಟ್ಟಿಗೆಯ ಮುಖ್ಯ ಚಿಪ್ ಕೆಟ್ಟ ದಿನ ಏನು ಮಾಡುವುದು? ಅದರ ನಕ್ಷೆ ಯಾರ ಕೈಗೂ ಸಿಗುವುದಿಲ್ಲ. ಸರ್ವಿಸ್ ಸೆಂಟರಿನಲ್ಲಿ ಬೋರ್ಡನ್ನೇ ಬದಲಿಸಬೇಕು ಅನ್ನುತ್ತಾರೆ, ಅದರ ಬೆಲೆ ಕೇಳಿದರೆ ಹೊಸದೇ ವಾಸಿ ಅನ್ನಿಸುತ್ತದೆ. ನಮ್ಮ ಮೊಬೈಲ್, ಟಿವಿಯ ಹಣೆಬರಹವೂ ಇದೇ. ಹಳ್ಳಿಗಳಿಗೆ ಬರುತ್ತಿರುವ ಹೊಸ ಕೃಷಿ ಯಂತ್ರಗಳೂ ಇದೇ ದಾರಿ ಹಿಡಿದಿವೆ. ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ‘ರೈಟ್ ಟು ರಿಪೇರ್’ ಪೋರ್ಟಲ್ ಶುರು ಮಾಡಿತು. ಕೃಷಿ ಉಪಕರಣ, ಮೊಬೈಲ್ ಮತ್ತಿತರ ಎಲೆಕ್ಟ್ರಾನಿಕ್ ಸಾಧನ, ಗೃಹೋಪಯೋಗಿ ವಸ್ತು, ವಾಹನ ಈ ನಾಲ್ಕು ವಲಯಗಳ ರಿಪೇರಿ ಮಾಹಿತಿಯನ್ನು ಒಂದೆಡೆ ಕೊಡುವುದು ಅದರ ಉದ್ದೇಶ. ಒಳ್ಳೆಯ ಹೆಜ್ಜೆ. ಆದರೆ ಕಸ್ಟಮರ್ ಕೇರ್ ನಂಬರ್ ಕೊಟ್ಟರೆ ರಿಪೇರಿಯ ಹಕ್ಕು ಕೊಟ್ಟಂತಾಗುವುದಿಲ್ಲ. ನಕ್ಷೆ ಬೇಕು, ಬಿಡಿಭಾಗ ಬೇಕು, ಊರಿನ ರಿಪೇರಿಗಾರ ಬಿಚ್ಚಿದರೆ ಗ್ಯಾರಂಟಿ ಹೋಗದು ಎಂಬ ಭರವಸೆ ಬೇಕು. ಮುದ್ರಿಸಿ ಅಂಟಿಸಿದ ಒಂದು ಚೀಟಿಯಿಂದ ಆ ಕಾಲದ ಕಂಪನಿಗಳಿಗೆ ಆದದ್ದು ಈಗಿನವರಿಗೆ ಆಗುವುದಿಲ್ಲ ಅಂದರೆ ನಂಬುವುದು ಹೇಗೆ?

ಅಲ್ಲಿಯವರೆಗೆ, ಹಳೆಯ ಟ್ಯೂಬ್ ಆಂಪ್ ಇರುವವರಲ್ಲಿ ಮೂರು ಮಾತು. ಒಂದು, ಮೊದಲು ತಿಳಿದವರ ಕೈಯಲ್ಲಿ ಕೆಪಾಸಿಟರ್ ನೋಡಿಸಿ, ಅರ್ಥಿಂಗ್ ಹಾಕಿಸಿ. ನೀವೇ ಕೈ ಹಾಕಬೇಡಿ. ಎರಡು, ಆಗಾಗ ಆನ್ ಮಾಡಿ ನುಡಿಸಿ. ವರ್ಷಗಟ್ಟಲೆ ಸುಮ್ಮನೆ ಕೂತರೆ ಕೆಪಾಸಿಟರ್‌ಗಳು ಇನ್ನೂ ಬೇಗ ಹಾಳಾಗುತ್ತವೆ. ಮೂರು, ರಿಪೇರಿಗೆ ಕೊಡುವಾಗ ಡಿಪ್ಲೊಮಾ, ಐಟಿಐ ಓದುತ್ತಿರುವ ಒಬ್ಬರನ್ನು ಜೊತೆಗೆ ಕರೆದೊಯ್ದು ಪಕ್ಕದಲ್ಲಿ ಕೂರಿಸಿ. ಆಂಪ್ ನಿಮ್ಮ ನಂತರ ಯಾರಿಗೋ ಹೋಗುತ್ತದೆ. ಅವತ್ತು ಅದನ್ನು ಬಿಚ್ಚಬಲ್ಲ ಒಬ್ಬರಾದರೂ ನಮ್ಮ ಜಿಲ್ಲೆಯಲ್ಲಿ ಇರಬೇಕು.