ಎಲ್ಲ ಮಂಜೂ ಪೊರೆಯಲ್ಲ

ಕವಿ ರನ್ನನ ಊರು ಬೆಳಗಲಿಯಾಗಲಿ, ಸುತ್ತಲಿನ ಹಳ್ಳಿಯಾಗಲಿ, ವಯಸ್ಸಾದವರ ಕಣ್ಣು ಮಂಜಾದರೆ ಮನೆಮಂದಿ ಹೇಳುವ ಮಾತು ಒಂದೇ: "ಅಜ್ಜಗ ಪೊರಿ ಬಂದೈತಿ, ಆಪರೇಷನ್ ಮಾಡಿಸಿದ್ರ ಸರಿಹೋಗತೈತಿ." ಈ ನಂಬಿಕೆಗೆ ಕಾರಣವಿದೆ. ನೆರೆಯ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಲ್ಲಿ ಶಿಬಿರ ನಡೆಸಿ ಲಕ್ಷಾಂತರ ಜನರ ಪೊರೆ ತೆಗೆದರು. ಆದರೆ ಎಲ್ಲ ಮಂಜೂ ಪೊರೆಯಲ್ಲ.

ಪೊರೆ ಬರುವುದು ಕಣ್ಣಿನ ಮುಂಭಾಗದ ಮಸೂರಕ್ಕೆ. ಹಿಂಭಾಗದ ಅಕ್ಷಿಪಟಲದ ನಡುವೆ ಸುಮಾರು 5 ಮಿಲಿಮೀಟರ್ ಅಗಲದ ಮ್ಯಾಕ್ಯುಲಾ, ಅಂದರೆ ಹಳದಿ ಚುಕ್ಕೆ ಇದೆ. ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖ ಗುರುತಿಸುವುದು ಇದರಿಂದಲೇ. ಇದು ಕೆಟ್ಟರೆ ಸುತ್ತಲಿನದು ಕಾಣುತ್ತದೆ. ನೇರ ನೋಡಿದ್ದೇ ಮಸುಕು. ಪೊರೆ ತೆಗೆದರೂ ಈ ಮಸುಕು ಹೋಗದು.

ವಯಸ್ಸಿನಿಂದ ಬರುವ ಸವೆತದಲ್ಲಿ ಎರಡು ಬಗೆ. ಒಣ ಬಗೆ ನಿಧಾನ. ಹೋದ ದೃಷ್ಟಿಯನ್ನು ಪೂರ್ತಿ ಮರಳಿಸುವ ಔಷಧವಿಲ್ಲ. ಕೆಲವರಲ್ಲಿ ವೈದ್ಯರು ಕೊಡುವ ಸತು, ವಿಟಮಿನ್ ಮಾತ್ರೆಗಳು ಅದರ ವೇಗ ತಗ್ಗಿಸುತ್ತವೆ. ಬೀಡಿ, ಸಿಗರೇಟು ಬಿಡಲೇಬೇಕು. ತೇವದ ಬಗೆಯಲ್ಲಿ ಹೊಸ ರಕ್ತನಾಳಗಳು ಬೆಳೆದು ಸೋರಿ, ಕೆಲವೇ ವಾರಗಳಲ್ಲಿ ನೋಟ ಕೆಡುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇದೇ ಜಾಗಕ್ಕೆ ನೀರು ತುಂಬಿ ಬಾವು ಬರುತ್ತದೆ. ಇವೆರಡಕ್ಕೂ ಸೋರಿಕೆ ತಡೆಯುವ ಮದ್ದನ್ನು ಕಣ್ಣೊಳಗೇ ಚುಚ್ಚುತ್ತಾರೆ. ಮರಗಟ್ಟಿಸುವ ಹನಿ ಹಾಕಿರುವುದರಿಂದ ನೋವು ಕಡಿಮೆ. ಒಂದು ಸೂಜಿಗೆ ಮುಗಿಯದು, ಹಲವು ಸಲ ಹೋಗಬೇಕು. ನಡುವೆ ತೂತು ಬಿದ್ದರೆ ಮಾತ್ರ ಶಸ್ತ್ರಚಿಕಿತ್ಸೆ.

ಒಂದು ಕಣ್ಣು ಕೆಟ್ಟರೂ ಇನ್ನೊಂದು ಅದನ್ನು ಮರೆಮಾಚುತ್ತದೆ. ಆದ್ದರಿಂದ ಚಾಳೀಸು ಹಾಕಿಕೊಂಡು, ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರಿನ ಗೆರೆ ನೋಡಿ. ನೆಟ್ಟನೆಯ ಗೆರೆ ಡೊಂಕಾಗಿ ಕಂಡರೆ ಮುಂದಿನ ಶಿಬಿರಕ್ಕೆ ಕಾಯಬೇಡಿ. ಆ ವಾರವೇ ಅಕ್ಷಿಪಟಲದ ವೈದ್ಯರನ್ನು ಕಾಣಿ.