ನವಾಬರು ಹೋದರು, ಮುಜುರೆ ಉಳಿಯಿತು

ಪ್ರತಿ ದಸರೆಗೂ ಮೈಸೂರು ಅರಮನೆಯ ಖಾಸಗಿ ದರ್ಬಾರಿನ ಬಗ್ಗೆ ಅದೇ ಜಗಳ ಏಳುತ್ತದೆ. ಪ್ರಜಾಪ್ರಭುತ್ವದಲ್ಲಿ ಸಿಂಹಾಸನವೇಕೆ, ಬಹುಪರಾಕ್ ಏಕೆ, ನಡು ಬಗ್ಗಿಸಿ ಕೈಮುಗಿಯುವುದೇಕೆ ಎಂದು ಒಬ್ಬರು ಕೇಳುತ್ತಾರೆ. ಅದು ಅವರ ಮನೆಯ ಪೂಜೆ, ನಿಮ್ಮ ಗಂಟೇನು ಹೋಯಿತು ಎಂದು ಇನ್ನೊಬ್ಬರು. ನನಗೆ ಈ ಜಗಳದಲ್ಲಿ ಆಸಕ್ತಿ ಕಡಿಮೆ. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ರಾಜಧನವನ್ನೂ ಅರಸರಿಗಿದ್ದ ಮಾನ್ಯತೆಯನ್ನೂ ತೆಗೆದುಹಾಕಿತು. ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರನ್ನು ಮೈಸೂರಿನ ಜನ ನಾಲ್ಕು ಸಲ ಲೋಕಸಭೆಗೆ ಕಳಿಸಿದರು. 1991ರಲ್ಲಿ, 2004ರಲ್ಲಿ ಸೋಲಿಸಿ ಮನೆಗೂ ಕಳಿಸಿದರು. 2024ರಲ್ಲಿ ಯದುವೀರ್ ಒಡೆಯರ್ ಕೂಡ ಮತ ಕೇಳಿಯೇ ಸಂಸದರಾಗಬೇಕಾಯಿತು. ಬೇಡಲು ಬರುವ ಅರಸನಿಗೆ ಯಾರೂ ಹೆದರಬೇಕಾಗಿಲ್ಲ. ಭಕ್ತಿಯಿಂದ ಕೈಮುಗಿದವನೇ ಮರುದಿನ ಬೇರೆ ಗುರುತಿನ ಬಟನ್ ಒತ್ತಬಲ್ಲ.

ಹೆದರಬೇಕಾದದ್ದು ಅರಸರೇ ಇಲ್ಲದ ಊರುಗಳಲ್ಲಿ ಉಳಿದುಕೊಂಡ ಮುಜುರೆಗೆ, ಅಂದರೆ ಬಗ್ಗಿ ಸಲಾಮು ಹೊಡೆಯುವ ರೂಢಿಗೆ. ಹಾವೇರಿ ಜಿಲ್ಲೆಯ ನಮ್ಮ ಸವಣೂರು, ಹಾನಗಲ್ಲ, ಹಿರೇಕೆರೂರು, ಶಿಗ್ಗಾವಿ ಎಂಬ ನಾಲ್ಕು ತಾಲ್ಲೂಕುಗಳನ್ನೇ ನೋಡಿ. ಸವಣೂರಿನಲ್ಲಿ ನವಾಬರಿದ್ದರು. ಸುತ್ತ ಬ್ರಿಟಿಷರ ಧಾರವಾಡ ಜಿಲ್ಲೆ, ನಡುವೆ 70 ಚದರ ಮೈಲಿ ಆಸುಪಾಸಿನ ಪುಟ್ಟ ಸಂಸ್ಥಾನ. 1948ರಲ್ಲಿ ಅದು ಮುಂಬೈ ಪ್ರಾಂತ್ಯದಲ್ಲಿ ಕರಗಿತು. ಈಗ ಸವಣೂರೆಂದರೆ ಜನಕ್ಕೆ ನೆನಪಾಗುವುದು ಖಾರಾ, ವೀಳ್ಯದೆಲೆ ಮತ್ತು ದೊಡ್ಡಹುಣಸೆ ಮರಗಳು. ಮೈಸೂರು ಒಡೆಯರಂತೂ ನಮ್ಮ ಅರಸರೇ ಅಲ್ಲ. 1956ರವರೆಗೆ ನಾವು ಮುಂಬೈ ಕಡೆಯವರು. ಆದರೂ ಹಾನಗಲ್ಲ ಕಡೆಯ ಒಂದು ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ ಅಧ್ಯಕ್ಷನಿಗೆ ಸನ್ಮಾನವಾದರೆ ತಲೆಗೇರುವುದು ಮೈಸೂರು ಪೇಟ, ಕೊರಳಿಗೆ ಬೀಳುವುದು ಹಾವೇರಿಯ ಏಲಕ್ಕಿ ಹಾರ. ಅವನ ಅಪ್ಪ ದಿನಾ ಸುತ್ತುತ್ತಿದ್ದ ರುಮಾಲು ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಹಾನಗಲ್ಲಿಗೆ ಮುಜುರೆಯ ವಿಷಯದಲ್ಲಿ ಹಳೆಯ ಅನುಭವವಿದೆ. ಅಲ್ಲಿ ಆಳಿದ ಕದಂಬರು ಊರಿಗೆ ಅರಸರು, ಕಲ್ಯಾಣದ ಚಾಲುಕ್ಯರಿಗೆ ಮಾಂಡಲಿಕರು. ಆ ಕಾಲದ ಶಾಸನಗಳಲ್ಲಿ ಮಾಂಡಲಿಕರನ್ನು ‘ತತ್ಪಾದಪದ್ಮೋಪಜೀವಿ’ ಎಂದು ಕರೆಯುವುದು ವಾಡಿಕೆ, ಅಂದರೆ ಚಕ್ರವರ್ತಿಯ ಪಾದಕಮಲವನ್ನು ನೆಚ್ಚಿ ಬದುಕುವವರು. ಕಲ್ಯಾಣದಲ್ಲಿ ಪಾದದಡಿ ಬದುಕುವವನಿಗೆ ಹಾನಗಲ್ಲಿನಲ್ಲಿ ಪಾದಪೂಜೆ. ಬಗ್ಗುವುದರ ಲಾಭ ಇರುವುದು ಇಲ್ಲೇ. ಮೇಲಿನವನ ಎದುರು ಬಗ್ಗಿದಷ್ಟೂ ಕೆಳಗಿನವನನ್ನು ಬಗ್ಗಿಸುವ ಅಧಿಕಾರ ಸಿಗುತ್ತದೆ. ಶಾಸಕ ಹೈಕಮಾಂಡಿನ ಬಾಗಿಲಲ್ಲಿ ಕಾಯುತ್ತಾನೆ, ಅಧಿಕಾರಿ ಶಾಸಕರ ಬಾಗಿಲಲ್ಲಿ, ರೈತ ಅಧಿಕಾರಿಯ ಬಾಗಿಲಲ್ಲಿ. ಕೊನೆಯವನಿಗೆ ಬಗ್ಗಿಸಲು ಯಾರೂ ಸಿಗದಿದ್ದರೆ ಮನೆಯಲ್ಲಿ ಹೆಂಡತಿ ಇದ್ದಾಳೆ.

ಇದರಿಂದ ಯಾರಿಗೇನು ನಷ್ಟ ಎನ್ನುವವರು ಹಿರೇಕೆರೂರಿನ ಪ್ರಕರಣ ನೆನಪಿಸಿಕೊಳ್ಳಲಿ. 2021ರ ಮಾರ್ಚ್ 1ರಂದು ಹಿರಿಯರಿಗೆ ಕೋವಿಡ್ ಲಸಿಕೆ ಶುರುವಾಯಿತು. ಪ್ರಧಾನಿ ಅಂದು ಬೆಳಿಗ್ಗೆ ದೆಹಲಿಯ ಏಮ್ಸ್ ಆಸ್ಪತ್ರೆಗೆ ಹೋಗಿ ಚುಚ್ಚಿಸಿಕೊಂಡರು. ಮರುದಿನ ಆಗಿನ ಕೃಷಿ ಸಚಿವ ಬಿ.ಸಿ. ಪಾಟೀಲರು ಹಿರೇಕೆರೂರಿನ ತಮ್ಮ ಮನೆಯಲ್ಲಿ ಕುಳಿತಿದ್ದರು. ಲಸಿಕೆಯೇ ಅವರಿದ್ದಲ್ಲಿಗೆ ಬಂತು. ನಿಯಮದಲ್ಲಿ ಇದಕ್ಕೆ ಅವಕಾಶವಿರಲಿಲ್ಲ. ಫೋಟೋ ಹರಿದಾಡಿತು, ಕೇಂದ್ರ ಸರ್ಕಾರ ವರದಿ ಕೇಳಿತು. ತಾನು ಆಸ್ಪತ್ರೆಗೆ ಹೋದರೆ ಜನರಿಗೇ ತೊಂದರೆ, ಇದರಲ್ಲಿ ತಪ್ಪೇನು ಎಂಬುದು ಸಚಿವರ ಸಮಜಾಯಿಷಿ. ಕೊನೆಗೆ ಅಮಾನತಾದವರು ಯಾರು? ತಾಲ್ಲೂಕು ಆರೋಗ್ಯಾಧಿಕಾರಿ.

ಈ ಕಥೆಯನ್ನು ಒಬ್ಬ ಸಚಿವರ ದರ್ಪವೆಂದು ಓದಿ ಮುಗಿಸಿಬಿಡಬಹುದು. ನನಗೆ ಕಾಡುವುದು ಲಸಿಕೆಯ ಡಬ್ಬಿ ಹಿಡಿದು ಹೊರಟವರ ಸ್ಥಿತಿ. ಸಚಿವರ ಮನೆಗೆ ಬರುವುದಿಲ್ಲ ಎನ್ನುವ ಧೈರ್ಯ ತಾಲ್ಲೂಕು ಮಟ್ಟದ ಯಾವ ಅಧಿಕಾರಿಗಿದೆ? ಬರುವುದಿಲ್ಲ ಎಂದರೆ ವರ್ಗಾವಣೆ, ಹೋದರೆ ಅಮಾನತು. ಬಗ್ಗಿಸಿಕೊಂಡವರ ಕೂದಲು ಕೊಂಕಲಿಲ್ಲ, ಬಗ್ಗಿದವರ ಕೆಲಸಕ್ಕೆ ಕುತ್ತು ಬಂತು. ಅರಸರ ಕಾಲದಲ್ಲಿ ಕನಿಷ್ಠ ಬಗ್ಗಿದವನಿಗೆ ಇನಾಮು ಸಿಗುತ್ತಿತ್ತು.

ಅದೇ ವರ್ಷ ಜುಲೈ ಕೊನೆಗೆ ಶಿಗ್ಗಾವಿಯ ಶಾಸಕ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದರು. ಆಗಸ್ಟಿನಲ್ಲೇ ಎರಡು ಒಳ್ಳೆಯ ಮಾತು ಹೇಳಿದರು. ಹೋದಲ್ಲೆಲ್ಲ ಪೊಲೀಸ್ ಗೌರವ ರಕ್ಷೆ ಬೇಡ. ಸರ್ಕಾರಿ ಸಮಾರಂಭಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಬೇಡ, ಕೊಡುವುದಿದ್ದರೆ ಕನ್ನಡ ಪುಸ್ತಕ ಕೊಡಿ. ನಮ್ಮ ಜಿಲ್ಲೆಯವರು ಹೇಳಿದ್ದೆಂದು ನಮಗೂ ಹೆಮ್ಮೆಯಾಯಿತು. ಆದರೆ 2023ರ ಮೇ ತಿಂಗಳಲ್ಲಿ ಸಿದ್ದರಾಮಯ್ಯನವರು ಹೊಸದಾಗಿ ಅಧಿಕಾರಕ್ಕೆ ಬಂದಾಗ ಹೂವು, ಶಾಲು ಬೇಡ, ಪುಸ್ತಕ ಕೊಡಿ ಎಂದು ಮತ್ತೆ ಹೇಳಬೇಕಾಯಿತು. ಎರಡು ವರ್ಷ ತುಂಬುವುದರೊಳಗೆ ಅದೇ ಮಾತು ಎರಡನೇ ಬಾರಿ! ಮೊದಲ ಆದೇಶ ಎಷ್ಟು ನಡೆಯಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹಾರದ ಜಾಗಕ್ಕೆ ಪುಸ್ತಕ ಬಂದೀತು. ಅದನ್ನು ಹಿಡಿದವನು ಅದೇ ಸಾಲಿನಲ್ಲಿ, ಅಷ್ಟೇ ಬಗ್ಗಿ ನಿಂತಿರುತ್ತಾನೆ. ಮೇಲಾಗಿ, ನನಗೆ ಮುಜುರೆ ಬೇಡ ಎಂದು ಅಪ್ಪಣೆ ಕೊಡಿಸುವುದೂ ಅರಸುತನದ್ದೇ ಒಂದು ರೀತಿ. ಮುಂದೆ ಬರುವವರಿಗೆ ಬೇಕೆನಿಸಿದರೆ ಬೇಕೆಂದೂ ಹೇಳಬಹುದು.

ಇದೆಲ್ಲ ನಮ್ಮ ಸಂಸ್ಕೃತಿ ಎಂಬ ವಾದ ಬಂದೇ ಬರುತ್ತದೆ. ಹಾಗಾದರೆ ಶಿಗ್ಗಾವಿ ತಾಲ್ಲೂಕಿನ ಬಾಡಕ್ಕೆ ಹೋಗೋಣ. ಕನಕದಾಸರು ಹುಟ್ಟಿದ ಊರು. ನಾಯಕನಾಗಿದ್ದವನು ದಂಡು, ದರ್ಬಾರು ಎಲ್ಲ ಬಿಟ್ಟು ದಾಸನಾಗಿ ಹೊರಟನೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಅವರ ನೆನಪಿಗೆ ಸರ್ಕಾರ ಬಾಡದಲ್ಲಿ ಕಟ್ಟಿಸಿದ್ದು ಏನು? ಅರಮನೆ! ಬಿಟ್ಟು ಹೋದದ್ದನ್ನೇ ಹುಡುಕಿ ಕಟ್ಟಿಸಿ ಅವರಿಗೆ ಒಪ್ಪಿಸಿದ್ದೇವೆ. ಅವರ ‘ರಾಮಧಾನ್ಯ ಚರಿತೆ’ಯಲ್ಲಿ ರಾಮನ ಒಡ್ಡೋಲಗದಲ್ಲೇ ರಾಗಿ ಭತ್ತಕ್ಕೆ ಎದುರು ನಿಂತು ವಾದಿಸುತ್ತದೆ, ರಾಮ ಎರಡನ್ನೂ ಸೆರೆಯಲ್ಲಿಟ್ಟು ಪರೀಕ್ಷಿಸಿ ಗಟ್ಟಿಯಾಗಿ ಉಳಿದ ರಾಗಿಯನ್ನೇ ಮೆಚ್ಚುತ್ತಾನೆ. ಬಡವರ ಕಾಳು ದರ್ಬಾರಿನಲ್ಲಿ ತಲೆಯೆತ್ತಿ ಮಾತಾಡಿತು ಎಂಬುದೂ ನಮ್ಮ ಸಂಸ್ಕೃತಿಯೇ.

ಹಿರಿಯರ ಕಾಲಿಗೆ ಎರಗುವುದನ್ನು ನಾನು ಬೇಡವೆನ್ನುತ್ತಿಲ್ಲ. ಇದೇ ತಾಲ್ಲೂಕಿನ ಶಿಶುನಾಳದ ಶರೀಫರು ಕಳಸದ ಗೋವಿಂದಭಟ್ಟರಿಗೆ ತಲೆಬಾಗಿದರು. ಆ ಭಟ್ಟರೂ ತಮ್ಮ ಜಾತಿಯ ಎತ್ತರದಿಂದ ಇಳಿದು ಬಂದು ಶಿಷ್ಯನನ್ನು ಅಪ್ಪಿಕೊಂಡವರು. ಅಂಥ ನಮಸ್ಕಾರಕ್ಕೆ ಫೈಲು, ಟೆಂಡರು, ವರ್ಗಾವಣೆ ಯಾವುದೂ ಅಂಟಿಕೊಂಡಿರಲಿಲ್ಲ.

ಅಂಟಿಕೊಂಡ ನಮಸ್ಕಾರ ನೋಡಬೇಕಾದರೆ ತಹಶೀಲ್ದಾರ್ ಕಚೇರಿಯ ಬಾಗಿಲಲ್ಲಿ ಅರ್ಧ ತಾಸು ನಿಂತರೆ ಸಾಕು. ರುಮಾಲಿನ ಹಿರಿಯರೊಬ್ಬರು ಬರುತ್ತಾರೆ. ಚಪ್ಪಲಿ ಬಿಡಿ ಎಂಬ ಬೋರ್ಡು ಎಲ್ಲೂ ಇಲ್ಲ, ಆದರೂ ಹೊರಗೆ ಬಿಡುತ್ತಾರೆ. ಹೆಗಲ ಮೇಲಿನ ಟವೆಲ್ಲು ಕಂಕುಳಿಗೆ ಬರುತ್ತದೆ. ‘ಸಾಹೇಬ್ರ, ಪಹಣಿಯೊಳಗ ಹೆಸರು ತಪ್ಪು ಬಿದ್ದೈತ್ರಿ, ಒಂದೀಟು ದೊಡ್ಡ ಮನಸು ಮಾಡ್ರಿ.’ ತಪ್ಪು ಬರೆದದ್ದು ಕಚೇರಿ, ದೊಡ್ಡ ಮನಸ್ಸಿಗೆ ಅಂಗಲಾಚಬೇಕಾದವರು ಮಾತ್ರ ಇವರು. ಮೊಮ್ಮಗನ ವಯಸ್ಸಿನ ಗುಮಾಸ್ತ ತಲೆ ಎತ್ತದೆ ‘ಸೋಮವಾರ ಬಾ’ ಎನ್ನುತ್ತಾನೆ. ಅವನ ಎದುರಿನ ಕುರ್ಚಿ ಖಾಲಿ ಇರುತ್ತದೆ, ಅಥವಾ ಅದರ ಮೇಲೆ ಫೈಲುಗಳು ಕೂತಿರುತ್ತವೆ.

ವಿನಯದಿಂದ ಕೇಳಿದರೆ ಕೆಲಸವಾಗುತ್ತದೆ ಎನ್ನುವವರಿಗೆ ಸವಣೂರಿನದೇ ಉತ್ತರವಿದೆ. 2010ರ ಜುಲೈಯಲ್ಲಿ ಅಲ್ಲಿನ ಪುರಸಭೆಯ ಮುಂದೆ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ನಿಂತರು. ತಾವಿದ್ದ ಜಾಗದಿಂದ ಎಬ್ಬಿಸಬೇಡಿ ಎಂಬುದು ಅವರ ಬೇಡಿಕೆ. ಊರಿನ ಹೊಲಸು ಬಾಚಿದವರ ಮಾತು ಮೇಲಿನವರ ಕಿವಿಗೆ ಬೀಳಲು ಆ ಹೊಲಸನ್ನೇ ತಲೆಗೆ ಸುರಿದುಕೊಳ್ಳಬೇಕಾಯಿತು. ಅಷ್ಟಾದ ಮೇಲೆ ರಾಜ್ಯ ಅವರತ್ತ ತಿರುಗಿ ನೋಡಿತು.

ಬಗ್ಗದೆ ಕೆಲಸ ಮಾಡಿಸಿಕೊಳ್ಳುವ ದಾರಿ ಕಾನೂನಿನಲ್ಲಿ ಆಗಲೇ ಇದೆ. 2012ರಿಂದ ಜಾರಿಯಲ್ಲಿರುವ ಸಕಾಲ ಕಾಯ್ದೆಯಡಿ ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಕೊಟ್ಟವರಿಗೆ ಸ್ವೀಕೃತಿ ಚೀಟಿ ಕೊಡಲೇಬೇಕು, ಗೊತ್ತಾದ ದಿನದೊಳಗೆ ಕೆಲಸ ಮುಗಿಸಲೇಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ಮೊತ್ತ ಚಿಲ್ಲರೆ, ನಿಜ. ಆದರೆ ನವಾಬರ ಕಾಲದಲ್ಲಿ ಕಾಯಿಸಿದ್ದಕ್ಕೆ ದಂಡ ಕಟ್ಟಿದ ಅಧಿಕಾರಿ ಇದ್ದನೇ? ಈ ನಾಲ್ಕೂ ತಾಲ್ಲೂಕುಗಳ ಶಾಸಕರಿಗೆ ಮುಜುರೆ ಬೇಡವೆಂಬುದು ನಿಜವಾದರೆ, ಪುಸ್ತಕ ಕೊಡಿ ಎಂಬ ಹೇಳಿಕೆ ಅತ್ತ ಇರಲಿ. ಪ್ರತಿ ಕಚೇರಿಯ ಮೇಜಿನ ಎದುರಿನ ಕುರ್ಚಿಯಿಂದ ಫೈಲು ಎತ್ತಿಸಲಿ. ಕೇಳದೆಯೇ ಚೀಟಿ ಕೊಡುವಂತೆ ನೋಡಿಕೊಳ್ಳಲಿ. ಯಾವ ಕಚೇರಿ ಎಷ್ಟು ಅರ್ಜಿ ತಡಮಾಡಿತು, ಎಷ್ಟು ಇಪ್ಪತ್ತು ರೂಪಾಯಿ ಕಟ್ಟಿತು ಎಂಬ ಲೆಕ್ಕವನ್ನು ತಿಂಗಳಿಗೊಮ್ಮೆ ಬಾಗಿಲಿಗೆ ಅಂಟಿಸಲಿ.